ತೆಂಗಿನ ಸೀಮೆಯ ಹಾಜರಿ ಪುಸ್ತಕ

ಜುಲೈ 26. ಆಷಾಢದ ಗಾಳಿ ಇನ್ನೂ ಅಡಗಿಲ್ಲ. ತೆಂಗಿನ ತೋಟಗಳು ಬೋರೆಂದು ಸದ್ದು ಮಾಡುತ್ತಿವೆ. ಮೋಡ ಕವಿದರೂ ಉದುರುವುದು ಸೋನೆಯಷ್ಟೇ. ಹೆಸರುಕಾಳು ಬಿಡಿಸಿ ಮುಗಿದ ಹೊಲಗಳಲ್ಲಿ ರಾಗಿಗೆ ಉಳುಮೆ ಸಾಗಿದೆ. ತಿಪಟೂರಿರಲಿ, ತುರುವೇಕೆರೆ ಅಥವಾ ಚಿಕ್ಕನಾಯಕನಹಳ್ಳಿಯಿರಲಿ, ಈ ದಿನ ಹಳ್ಳಿ ಬಸ್ಸುಗಳಿಂದ ಇಳಿಯುವವರಲ್ಲಿ ಕೆಲವರ ನಡಿಗೆಯೇ ಬೇರೆ. ಬೆನ್ನು ನೆಟ್ಟಗೆ, ಬೂಟು ಮಿರಿಮಿರಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬ್ಲೇಜರ್. ಕಾರ್ಗಿಲ್ ವಿಜಯ ದಿವಸಕ್ಕೆ ಮಾಜಿ ಸೈನಿಕರು ತಮ್ಮ ತಾಲ್ಲೂಕಿನ ಸಂಘದಲ್ಲಿ ಸೇರುತ್ತಿದ್ದಾರೆ.

ಬಾಗಿಲಲ್ಲೇ ಬ್ಲೇಜರ್ ತೊಟ್ಟು ಎಡ ಎದೆಯ ಪದಕಗಳನ್ನು ಸರಿಪಡಿಸಿಕೊಳ್ಳುತ್ತಾರೆ. ಬಲ್ಲವರಿಗೆ ಆ ಸಾಲೇ ಜಾತಕ. ಪೂರ್ವೀ ಸ್ಟಾರ್ ಇದ್ದರೆ 1971ರಲ್ಲಿ ಬಾಂಗ್ಲಾ ಕಡೆ, ಪಶ್ಚಿಮೀ ಸ್ಟಾರ್ ಇದ್ದರೆ ಪಾಕಿಸ್ತಾನದ ಗಡಿ ಕಡೆ. ಅವರಿಗೆಲ್ಲ ಈಗ ಎಪ್ಪತ್ತು ದಾಟಿದೆ. ಸಿಯಾಚಿನ್ ಪದಕದವರು, 1999ರ ಕಾರ್ಗಿಲ್ ಕಂಡವರು ಅವರಿಗಿಂತ ಕಿರಿಯರು. ಗುಂಡು ಹಾರಿಸುವ ಸಂದರ್ಭವೇ ಬಾರದೆ ಹದಿನೇಳು ವರ್ಷ ಹಿಮದ ದಾರಿಯಲ್ಲಿ ಲಾರಿ ಓಡಿಸಿ ಬಂದವರೂ ಇದ್ದಾರೆ. ಅವರ ಸೇವೆ ಯುದ್ಧ ಕಂಡವರದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಲ್ಲ.

“ಜೈ ಹಿಂದ್ ಸಾಬ್, ಮಂಡಿನೋವು ಹೆಂಗೈತೆ?”

“ಅದಿರ್ಲಿ ಬಿಡಪ್ಪ. ಈ ವಾರ ಕೊಬ್ಬರಿ ಎಷ್ಟಕ್ಕೆ ಹೋಯ್ತು?”

ಸುಬೇದಾರರಿಗೂ ಹವಾಲ್ದಾರರಿಗೂ ಮಾತು ಸಾಗುವುದು ಹೀಗೆ: ಸಲಾಮಿನಿಂದ ಶುರುವಾಗಿ ಸೀದಾ ಎಪಿಎಂಸಿ ಹರಾಜಿಗೆ, ನುಸಿಪೀಡೆಗೆ, ಬತ್ತಿದ ಬೋರ್‌ವೆಲ್‌ಗೆ. ಮೂವತ್ತೈದು, ನಲವತ್ತರ ಹರೆಯದಲ್ಲೇ ಪಿಂಚಣಿ ಪಡೆದು ಮರಳಿದ ಇವರು ಈಗ ಅಟ್ಟದ ತುಂಬ ಕೊಬ್ಬರಿಗೆಂದು ಕಾಯಿ ಒಣಗಲು ಹಾಕಿದ ತೆಂಗು ಬೆಳೆಗಾರರು. ಒಂದು ಪಕ್ಕದಲ್ಲಿ ಕುಳಿತ ಹೆಂಗಸರ ಮಾತು ಕೇಳಬೇಕು. ಗಂಡ ಗಡಿಯಲ್ಲಿದ್ದಾಗ ಸಸಿಗೆ ನೀರು ಹಾಕಿದವರು, ಕಾಯಿ ಕೀಳಿಸಿದವರು, ಅತ್ತೆ ಮಾವನ ಕಾಯಿಲೆ ನೋಡಿಕೊಂಡವರು ಇವರು. ಸೈನಿಕನಿಗೆ ಮರಳಿ ಬರಲು ಒಂದು ತೋಟ ಉಳಿದದ್ದೇ ಇವರಿಂದ.

ಮೇಜಿನ ಮೇಲೆ ಹಾಜರಿ ಪುಸ್ತಕ. ಹೆಸರು, ರ‍್ಯಾಂಕ್, ಸೇನಾ ನಂಬರ್, ಯೂನಿಟ್. ಸ್ವಂತ ಮೊಬೈಲ್ ನಂಬರಿಗೆ ತಡವರಿಸುವ ಹಿರಿಯರು ಸೇನಾ ನಂಬರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆಮೇಲೆ ಧ್ವಜವಂದನೆ, ಕಾರ್ಗಿಲ್‌ನಲ್ಲಿ ಮಡಿದ 527 ಯೋಧರಿಗೆ ಹೂವು, ಎರಡು ನಿಮಿಷದ ಮೌನ.

ರೆಜಿಮೆಂಟುಗಳ ಪುನರ್ಮಿಲನ ಬೇರೆ ಬಗೆಯದು. 1780ರಲ್ಲಿ ಹುಟ್ಟಿದ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನವರಿಗೆ ಸೆಪ್ಟೆಂಬರ್ 30 ಹಬ್ಬ, ಬೆಂಗಳೂರಿನ ಎಂಇಜಿ ಕೇಂದ್ರ ತವರು. ಫಿರಂಗಿ ದಳದವರಿಗೆ ಸೆಪ್ಟೆಂಬರ್ 28, ಸರಬರಾಜು ದಳದ ಎಎಸ್‌ಸಿಯವರಿಗೆ ಡಿಸೆಂಬರ್ 8. ಅಲ್ಲಿ ದಳ ಒಂದು, ಭಾಷೆ ಹಲವು. ತಾಲ್ಲೂಕಿನ ಸಂಘದಲ್ಲಿ ದಳ ಹಲವು, ಊರು ಒಂದು. ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಒಂದೇ ಬಂಕರಿನಲ್ಲಿ ಇದ್ದವರಲ್ಲ. ಒಬ್ಬರು ನೌಕಾಪಡೆಯವರು, ಇನ್ನೊಬ್ಬರು ಸಿಗ್ನಲ್ಸ್‌ನವರು. ಅವರನ್ನು ಕೂಡಿಸಿರುವುದು ಈ ನೆಲದ ನಂಟು.

ಆ ನಂಟಿನ ಬೆಲೆ ತಿಳಿಯಬೇಕಾದರೆ ಮೂಲೆಯ ಮೇಜಿನ ಬಳಿ ನಿಲ್ಲಬೇಕು. ಫಿರಂಗಿ ದಳದ ದಾಖಲೆ ಕಚೇರಿ ನಾಸಿಕದಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ, ಯಂತ್ರ ದುರಸ್ತಿಯ ಇಎಂಇ ದಳದ್ದು ಸಿಕಂದರಾಬಾದಿನಲ್ಲಿ, ಮದ್ರಾಸ್ ರೆಜಿಮೆಂಟಿನದು ವೆಲಿಂಗ್ಟನ್‌ನಲ್ಲಿ. ಪಿಂಚಣಿಯ ಕಡತ ಪ್ರಯಾಗ್‌ರಾಜ್‌ನಲ್ಲಿ. ಗಂಡನನ್ನು ಕಳೆದುಕೊಂಡ ಅಜ್ಜಿಗೆ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಅಷ್ಟಕ್ಕೇ ಕುಟುಂಬ ಪಿಂಚಣಿ ನಿಂತುಬಿಡುತ್ತದೆ. ದಫ್ತರ ಬರೆದು ಪಳಗಿದ ನಿವೃತ್ತ ಕ್ಲರ್ಕ್ ಒಬ್ಬರು ಕನ್ನಡಕ ಏರಿಸಿ, “ಅವ್ವಾ, ಇಲ್ಲಿ ಹೆಬ್ಬೆಟ್ಟು ಒತ್ತು” ಎನ್ನುತ್ತಾರೆ. ಪಕ್ಕದ ಹುಡುಗ ಪಿಂಚಣಿಯ ಸ್ಪರ್ಶ್ ಜಾಲತಾಣ ತೆರೆದು ಜೀವಿತ ಪ್ರಮಾಣಪತ್ರ ನೋಡುತ್ತಾನೆ. ಇನ್ನೊಬ್ಬರಿಗೆ ಚಿಕಿತ್ಸೆಗೆ ಬೇಕಾದ ಇಸಿಎಚ್‌ಎಸ್ ಕಾರ್ಡು, ಮತ್ತೊಬ್ಬರಿಗೆ ಮೊಮ್ಮಗಳ ವಿದ್ಯಾರ್ಥಿವೇತನ. ಭಾಷಣ ಯಾರೇ ಮಾಡಲಿ, ಸಂಘದ ಜೀವ ಇರುವುದು ಈ ಮೇಜಿನಲ್ಲಿ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಕೂಡಿದರೆ ಸಂಘ ಕಟ್ಟಬಹುದು. ಕಟ್ಟುವುದು ಸುಲಭ, ನಡೆಸುವುದು ಕಷ್ಟ. ಅದನ್ನು ನಡೆಸುವುದು ಚಂದಾ ಹಣಕ್ಕಿಂತ ಹೆಚ್ಚಾಗಿ ಸಾವಿನ ಸುದ್ದಿ ಬಂದ ಗಳಿಗೆಯಲ್ಲಿ ಬೈಕ್ ಹತ್ತುವ ನಾಲ್ಕು ಜನ. ಹಳ್ಳಿಯ ತೋಟದ ಅಂಚಿನಲ್ಲಿ ಹಳೆಯ ಯೋಧನ ದೇಹ ಇಳಿಸುವಾಗ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುವವರು ಇವರೇ.

ಮಧ್ಯಾಹ್ನ ಊಟ. ಸೇನೆಯ ಬಡಾಖಾನಾದ ಹಾಗೆ ಇಲ್ಲೂ ರ‍್ಯಾಂಕ್ ನೋಡದೆ ಒಂದೇ ಪಂಕ್ತಿ. ಎಲೆಗೆ ಬೀಳುವುದು ಮಾತ್ರ ಈ ಸೀಮೆಯದೇ ಒತ್ತುಶಾವಿಗೆ, ಕಾಯಿಹಾಲು, ಬಿಸಿ ಮುದ್ದೆ, ಸೊಪ್ಪಿನ ಸಾರು.

ಮುಂದಿನ ಕೂಟ ಜನವರಿ 14ಕ್ಕೆ. 1953ರ ಆ ದಿನ ಸೇನಾ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾದ ನಮ್ಮ ಕೊಡಗಿನ ಕಾರ್ಯಪ್ಪನವರ ನೆನಪಿನಲ್ಲಿ ನಡೆಯುವ ಮಾಜಿ ಸೈನಿಕರ ದಿನವದು. ಈ ಸಂಘಗಳ ಮುಂದೆ ಹೊಸ ಕೆಲಸವೊಂದಿದೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರಲ್ಲಿ ಸೇನೆ ಉಳಿಸಿಕೊಳ್ಳುವುದು ಶೇ 25ರವರೆಗೆ ಮಾತ್ರ. ಉಳಿದವರು ನಾಲ್ಕು ವರ್ಷಕ್ಕೆ ಊರಿಗೆ ಬರುತ್ತಾರೆ. ಅವರಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರೆಂಬ ಅಧಿಕೃತ ಸ್ಥಾನವೂ ಇಲ್ಲ. ಆದರೆ ತಾಲ್ಲೂಕಿನ ಸಂಘ ಎಂದೂ ದಳ ನೋಡಿ ಮನುಷ್ಯರನ್ನು ಕೂಡಿಸಿಕೊಂಡದ್ದಲ್ಲ. ಎಳೆಯ ವಯಸ್ಸಿನಲ್ಲೇ ಸಮವಸ್ತ್ರ ಕಳಚಿ ಬರುವ ಆ ಹುಡುಗರಿಗೆ ಹಾಜರಿ ಪುಸ್ತಕದಲ್ಲಿ ಹೊಸ ಪುಟ ತೆರೆಯಬೇಕು. ಅವರಿಗೆ ಕೆಲಸದ ದಾರಿ ತೋರಿಸಲು, ಅರ್ಜಿ ಬರೆದುಕೊಡಲು ಮೂಲೆಯ ಆ ಮೇಜಿಗಿಂತ ಹತ್ತಿರದ ಆಸರೆ ಇನ್ನೆಲ್ಲಿದೆ?