ಮರೆವು ಮಗುವಿನ ಅಪರಾಧವೇ?

"ನಿನ್ನೆ ಓದಿದ್ದು ಇಂದೇ ಮರೆತೆಯಾ?" ಎಂದು ಮಕ್ಕಳನ್ನು ಗದರದ ಮನೆಗಳು ವಿರಳ. ಆದರೆ ಮರೆವು ಮನಸ್ಸಿನ ಸಹಜ ಧರ್ಮ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಇದನ್ನು ತಮ್ಮ ಮೇಲೆಯೇ ಪ್ರಯೋಗಿಸಿ ನೋಡಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಂಠಪಾಠ ಮಾಡಿ, ಕೆಲಕಾಲ ಬಿಟ್ಟು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯುವುದೆಂದು ಅಳೆದರು. 1885ರಲ್ಲಿ ಪ್ರಕಟವಾದ ಅವರ ಗ್ರಂಥದಂತೆ, ಈ ಉಳಿತಾಯ 20 ನಿಮಿಷಗಳ ತರುವಾಯ ಸುಮಾರು ಶೇ. 58, ಒಂದು ದಿನದ ತರುವಾಯ ಶೇ. 34, ತಿಂಗಳ ತರುವಾಯ ಶೇ. 21. ಮರೆವು ಮೊದಲು ಧಾವಿಸಿ, ಬಳಿಕ ಮಂದಗತಿಗೆ ಇಳಿಯುತ್ತದೆ.

ಅವರು ಕಂಡ ಮತ್ತೊಂದು ಸಂಗತಿ ತಂದೆತಾಯಿಗಳಿಗೆ ಇನ್ನೂ ಉಪಯುಕ್ತ. 12 ಅಕ್ಷರಗುಚ್ಛಗಳ ಸಾಲನ್ನು ಒಂದೇ ದಿನ 68 ಬಾರಿ ಓದಿ ಪಡೆದ ಫಲವು, ಮೂರು ದಿನಗಳಿಗೆ ಹಂಚಿ ಓದಿದಾಗ 38 ಬಾರಿಗೇ ಲಭಿಸಿತು.

ಆದುದರಿಂದ ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳಿಂದ ಜಾಗರಣೆ ಮಾಡಿಸಬೇಡಿರಿ. ಇಂದಿನ ಪಾಠವನ್ನು ನಾಳೆ ಸಂಜೆ ಒಮ್ಮೆ, ವಾರದ ಬಳಿಕ ಮತ್ತೊಮ್ಮೆ ಪಕ್ಕದಲ್ಲಿ ಕುಳಿತು ಕೇಳಿರಿ. ಮಠದ ಪಾಠಶಾಲೆಯಲ್ಲಿ ನಮ್ಮ ಗುರುಗಳು ಹಳೆಯ ಪಾಠ ಒಪ್ಪಿಸದೆ ಹೊಸದನ್ನು ಹೇಳಿಕೊಡುತ್ತಿರಲಿಲ್ಲ. ಅಂದು ಬೇಸರವೆನಿಸಿದ್ದರ ಮರ್ಮ ಇಂದು ತಿಳಿಯುತ್ತಿದೆ.