ಮಜ್ಜಿಗೆ, ಬೂದಿ, ತತ್ತಿಯ ಸಿಪ್ಪೆ: ಕುಂಡದ ಗಿಡಗಳ ಮನೆಮದ್ದು ಹಬ್ಬುವ ಬಗೆ

ಲೋಕಾಪುರ, ಮುಧೋಳ, ಬೀಳಗಿ, ಜಮಖಂಡಿ ಹಾಗೂ ರಬಕವಿ-ಬನಹಟ್ಟಿ ಭಾಗದ ಮನೆಯಂಗಳಗಳಲ್ಲಿ ಕರಿಬೇವು, ಗುಲಾಬಿ, ದಾಸವಾಳಗಳನ್ನು ಕುಂಡದಲ್ಲಿ ಬೆಳೆಸುವವರು ಅನೇಕರಿದ್ದಾರೆ. ಎಲೆ ಹಳದಿಯಾದಾಗ ಅವರಿಗೆ ದೊರೆಯುವ ಸಲಹೆಗಳೂ ಬಹುತೇಕ ಒಂದೇ ಬಗೆಯವು: ಕರಿಬೇವಿಗೆ ಹುಳಿ ಮಜ್ಜಿಗೆ, ಗುಲಾಬಿಗೆ ತತ್ತಿಯ ಸಿಪ್ಪೆ, ಎಲ್ಲಕ್ಕೂ ಒಲೆಯ ಬೂದಿ, ಈಚೆಗೆ ಮೊಬೈಲ್ ವಿಡಿಯೊಗಳ ಮೂಲಕ ಬಂದ ಎಪ್ಸಮ್ ಉಪ್ಪು. ಇವುಗಳಲ್ಲಿ ಕೆಲವು ನಿರುಪದ್ರವಿ, ಕೆಲವು ಈ ಭಾಗದ ಮಣ್ಣಿಗೆ ಹಾನಿಕರ. ಕುಂಡದಲ್ಲಿ ಕಂಡುಕೊಂಡದ್ದನ್ನು ಅದೇ ಮನೆಯವರು ನಾಳೆ ಕಬ್ಬಿನ ಹೊಲಕ್ಕೂ ಒಯ್ಯುವರಾದ್ದರಿಂದ ವಿಸ್ತರಣಾ ಕಾರ್ಯಕರ್ತರು ಇದನ್ನು ಹವ್ಯಾಸಿಗಳ ವಿಷಯವೆಂದು ಕಡೆಗಣಿಸಬಾರದು.

ಮಣ್ಣನ್ನು ಬಿಟ್ಟು ಬಂದ ಮದ್ದು

ತತ್ತಿಯ ಸಿಪ್ಪೆಯ ಶೇ 95ರಷ್ಟು ಭಾಗ ಕ್ಯಾಲ್ಸಿಯಂ ಕಾರ್ಬೋನೇಟ್. ಅಂದರೆ ಸುಣ್ಣಕಲ್ಲಿನ ದ್ರವ್ಯವೇ. ಮಲೆನಾಡು, ಕರಾವಳಿಗಳ ಹುಳಿ ಮಣ್ಣಿನಲ್ಲಿ ಅದನ್ನು ನುಣ್ಣಗೆ ಪುಡಿ ಮಾಡಿ ಬೆರೆಸಿದರೆ ನಿಧಾನವಾಗಿ ಕರಗಿ ಹುಳಿಯನ್ನು ತಗ್ಗಿಸುತ್ತದೆ. ಲೋಕಾಪುರದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹದ ಒಂದು ಉಪಗುಂಪಿಗೆ ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಸುಣ್ಣಕಲ್ಲು ಅದರ ಮುಖ್ಯ ಶಿಲೆಗಳಲ್ಲೊಂದು. ಮುದ್ದಾಪುರದಲ್ಲಿ ಸಿಮೆಂಟ್ ಕಾರ್ಖಾನೆ ನೆಲೆಗೊಂಡಿರುವುದೂ ಈ ಕಲ್ಲಿಗಾಗಿಯೇ. ಇಂತಹ ನೆಲದ ಕಪ್ಪು ಮಣ್ಣಿನಲ್ಲಿ ಸುಣ್ಣದ ಹರಳುಗಳಿರುವುದು ಸಾಮಾನ್ಯ, ರಸಸಾರ 8ನ್ನು ದಾಟಿರುವುದೂ ಸಾಮಾನ್ಯ. ಕೊಳವೆಬಾವಿಯ ಗಡಸು ನೀರು ಪ್ರತಿ ಬಾರಿಯೂ ಇನ್ನಷ್ಟು ಸುಣ್ಣವನ್ನು ತಂದು ಸೇರಿಸುತ್ತದೆ. ಕುಂಡದ ಅಂಚಿನಲ್ಲಿ ಕಾಣುವ ಬಿಳಿಯ ಪೊರೆ ಬಹುಮಟ್ಟಿಗೆ ಅದೇ. ಅದರ ಮೇಲೆ ತತ್ತಿಯ ಸಿಪ್ಪೆ ಹಾಕುವುದು ಸಮುದ್ರಕ್ಕೆ ಉಪ್ಪು ಸುರಿದಂತೆ.

ಇಂತಹ ಮಣ್ಣಿನಲ್ಲಿ ಎಳೆಯ ಎಲೆಗಳ ನರಗಳು ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾದರೆ ಮೊದಲು ಶಂಕಿಸಬೇಕಾದುದು ಕಬ್ಬಿಣದ ಕೊರತೆಯನ್ನು. ಮಣ್ಣಿನಲ್ಲಿ ಕಬ್ಬಿಣ ಸಾಕಷ್ಟಿರುತ್ತದೆ, ಆದರೆ ಕರಗುವುದಿಲ್ಲ. ರಸಸಾರ ಒಂದು ಅಂಕ ಏರಿದರೆ ಫೆರಿಕ್ ಕಬ್ಬಿಣದ ಕರಗುವಿಕೆ ಸಾವಿರ ಪಟ್ಟು ಕುಗ್ಗುತ್ತದೆ. ಎಪ್ಸಮ್ ಉಪ್ಪು ಪೂರೈಸುವುದು ಮೆಗ್ನೀಸಿಯಂ ಮತ್ತು ಗಂಧಕವನ್ನು. ಮೆಗ್ನೀಸಿಯಂ ಕೊರತೆ ಮೊದಲು ಕಾಣಿಸಿಕೊಳ್ಳುವುದು ಹಳೆಯ, ಕೆಳಗಿನ ಎಲೆಗಳಲ್ಲಿ.

ಬೂದಿಯದು ಹೆಚ್ಚು ಗಂಭೀರ. ಎಲೆಯ ಮೇಲೆ ತೆಳುವಾಗಿ ಉದುರಿಸಿದ ಬೂದಿ ಹೇನುಗಳಿಗೆ ಕಿರುಕುಳವಾಗುವುದು ನಿಜ, ಹಿರಿಯರ ಆ ಪದ್ಧತಿಯಲ್ಲಿ ಹುರುಳಿದೆ. ಬುಡಕ್ಕೆ ಹಾಕುವುದು ಬೇರೆ ಮಾತು. ಬೂದಿ ಬಲವಾದ ಕ್ಷಾರ. ಹತ್ತು ಕಿಲೊ ಮಣ್ಣಿನ ಕುಂಡಕ್ಕೆ 50 ಗ್ರಾಂ ತೂಗುವ ಒಂದು ಹಿಡಿ ಬೂದಿ ಹಾಕಿದರೆ ಅದು ಎಕರೆಗೆ ಸುಮಾರು 4 ಟನ್ ಹಾಕಿದಂತಾಯಿತು. ಈ ಲೆಕ್ಕವನ್ನು ಯಾವ ವಿಡಿಯೊದಲ್ಲಿಯೂ ಹೇಳುವುದಿಲ್ಲ. ಸುಣ್ಣಯುಕ್ತ ಹೊಲದ ಕುಳೆ ಕಬ್ಬು ಹಳದಿಗೆ ತಿರುಗಿದಾಗ ಗಾಣದ ಬೂದಿಯನ್ನು ಟ್ರೇಲರ್‌ಗಟ್ಟಲೆ ಹರಡಿದರೆ ರೋಗಕ್ಕೆ ರೋಗವನ್ನೇ ಉಣಿಸಿದಂತಾಗುತ್ತದೆ.

ಮಜ್ಜಿಗೆಗೆ ಯಶಸ್ಸು ಬಂದುದು ಹೇಗೆ?

ನೀರು ಬೆರೆಸಿದ ಒಂದು ಲೋಟ ಮಜ್ಜಿಗೆಯಲ್ಲಿ ಅರ್ಧ ಗ್ರಾಂ ಸಾರಜನಕವೂ ಇರುವುದಿಲ್ಲ. ಅದರ ಹುಳಿಯಿಂದ ಕಬ್ಬಿಣ ಕರಗುತ್ತದೆ ಎನ್ನುವವರಿದ್ದಾರೆ. ಶೇ 5ರಷ್ಟು ಸುಣ್ಣವಿರುವ ಹತ್ತು ಕಿಲೊ ಮಣ್ಣಿನಲ್ಲಿ ಸುಣ್ಣ 500 ಗ್ರಾಂ. ಒಂದು ಲೋಟ ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಅದರಲ್ಲಿ ಒಂದು ಗ್ರಾಮಿನಷ್ಟನ್ನು ಶಮನ ಮಾಡಬಲ್ಲದು. ಆದರೂ "ಮಜ್ಜಿಗೆ ಹಾಕಿದೆ, ಚಿಗುರಿತು" ಎನ್ನುವವರು ಸುಳ್ಳಾಡುತ್ತಿಲ್ಲ. ಬೇಸಿಗೆಯಲ್ಲಿ ಸೊರಗಿದ ಕರಿಬೇವು ಮೊದಲ ಮಳೆಗೆ ತಾನಾಗಿಯೇ ಚಿಗುರುತ್ತದೆ. ಗಿಡದ ಚಿಂತೆ ಹತ್ತಿದವರು ಮಜ್ಜಿಗೆಯ ಜೊತೆಗೆ ಮಣ್ಣು ಕೆದಕುತ್ತಾರೆ, ಒಣ ಟೊಂಗೆ ಚಿವುಟುತ್ತಾರೆ, ತಪ್ಪದೆ ನೀರುಣಿಸುತ್ತಾರೆ. ಶ್ರೇಯಸ್ಸು ಮಾತ್ರ ಮಜ್ಜಿಗೆಗೆ ಸಲ್ಲುತ್ತದೆ.

ಹಬ್ಬುವಿಕೆಯ ಇನ್ನೊಂದು ಕಾರಣವನ್ನು ನಾವು ಸಾಕಷ್ಟು ಗಮನಿಸಿಲ್ಲ. ಗಿಡ ಬದುಕಿದವರು ನೆರೆಯವರಿಗೆ ಹೇಳುತ್ತಾರೆ. ಸತ್ತವರು ಕುಂಡವನ್ನು ಬರಿದು ಮಾಡಿ ಸುಮ್ಮನಾಗುತ್ತಾರೆ. ಹೀಗಾಗಿ ಹತ್ತು ಮನೆಗಳಲ್ಲಿ ಎರಡರಲ್ಲಿ ಫಲಿಸಿದ ಮದ್ದಿಗೂ ಎರಡು ಸಾಕ್ಷಿಗಳು ಸಿಗುತ್ತವೆ, ವಿರುದ್ಧ ಸಾಕ್ಷಿ ಒಂದೂ ಸಿಗುವುದಿಲ್ಲ. ಸಾಮಗ್ರಿ ಅಡುಗೆಮನೆಯದೇ ಆದ್ದರಿಂದ ಖರ್ಚಿಲ್ಲ, ಹೇಳಿದವರು ಸ್ವಂತ ಅತ್ತಿಗೆಯೋ ಚಿಗವ್ವನೋ ಆದ್ದರಿಂದ ಸಂಶಯವೂ ಬರುವುದಿಲ್ಲ.

ನಮ್ಮ ಶಿಫಾರಸುಗಳೂ ದಾರಿಯಲ್ಲಿ ಸವೆಯುತ್ತವೆ. ಶೇ 5ರ ಬೇವಿನ ಬೀಜದ ಕಷಾಯಕ್ಕೆ ಅಂಟಿಕೊಳ್ಳಲೆಂದು ಅಲ್ಪ ಪ್ರಮಾಣದ ಸೋಪಿನ ಪುಡಿ ಬೆರೆಸಲು ಹೇಳುತ್ತೇವೆ. ಬಾಯಿಂದ ಬಾಯಿಗೆ ಹೋಗುವಾಗ ಬೇವು ಉದುರಿ ಸೋಪಿನ ಪುಡಿ ಮಾತ್ರ ಉಳಿಯಬಲ್ಲದು, ಚಿಟಿಕೆ ಹೋಗಿ ಚಮಚವೂ ಆಗಬಲ್ಲದು. ಅಂತಹ ನೀರನ್ನು ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆಯ ಅಂಚು ಸುಡುತ್ತದೆ.

ಪರೀಕ್ಷಿಸುವ ಕ್ರಮ

ಜನರ ರೂಢಿಯಿಂದ ಹುಟ್ಟಿದುದೆಲ್ಲ ಹುಸಿಯಲ್ಲ. ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ಅಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಲ್ಲಿ ಬೂಜುರೋಗ ಕಡಿಮೆಯಿರುವುದನ್ನು 1882ರಲ್ಲಿ ಗಮನಿಸಿದ ಮಿಲಾರ್ಡೆ, ಪ್ರಯೋಗಗಳ ನಂತರ 1885ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣವನ್ನು ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಬಳಿದ ಬಳ್ಳಿಯ ಪಕ್ಕದಲ್ಲಿಯೇ ಬಳಿಯದ ಬಳ್ಳಿಯೂ ಇದ್ದುದರಿಂದ ವ್ಯತ್ಯಾಸ ಕಣ್ಣಿಗೆ ಬಿದ್ದಿತು.

ಮನೆಯಲ್ಲಿಯೂ ಇದು ಸಾಧ್ಯ. ಒಂದೇ ವಯಸ್ಸಿನ, ಒಂದೇ ಮಣ್ಣಿನ ನಾಲ್ಕು ಕುಂಡಗಳಲ್ಲಿ ಎರಡಕ್ಕೆ ಮಾತ್ರ ಮದ್ದನ್ನು ಅಳೆದು ಹಾಕಿ, ಉಳಿದೆರಡಕ್ಕೆ ಅಷ್ಟೇ ನೀರು ಕೊಟ್ಟು, ದಿನಾಂಕ ಬರೆದಿಟ್ಟು ಆರು ವಾರ ನೋಡಬೇಕು. ಮಣ್ಣಿನಲ್ಲಿ ಸುಣ್ಣವಿದೆಯೇ ಎಂದು ತಿಳಿಯಲು ಒಣ ಮಣ್ಣಿನ ಹೆಂಟೆಗೆ ವಿನೆಗರ್ ಹನಿಸಿದರೆ ಸಾಕು. ನೊರೆ ಎದ್ದರೆ ತತ್ತಿಯ ಸಿಪ್ಪೆ ಮತ್ತು ಬೂದಿಯನ್ನು ಅಲ್ಲಿಗೇ ಕೈಬಿಡಬಹುದು.

ಕಬ್ಬಿಣದ ಕೊರತೆಯನ್ನು ಖಚಿತಪಡಿಸಿಕೊಳ್ಳಲು 1 ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಹಾಗೂ 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆಯ ವೇಳೆ ನಾಲ್ಕೈದು ಹಳದಿ ಎಲೆಗಳಿಗೆ ಮಾತ್ರ ಹತ್ತಿಯಿಂದ ಸವರಬೇಕು. ವಾರ ಹತ್ತು ದಿನಗಳಲ್ಲಿ ಸವರಿದ ಎಲೆ ಹಸಿರಾಗಿ ಪಕ್ಕದ ಎಲೆ ಹಳದಿಯಾಗಿಯೇ ಉಳಿದರೆ ಕೊರತೆ ಕಬ್ಬಿಣದ್ದೇ. ಕುಳೆ ಕಬ್ಬಿಗೂ ಈ ಪರೀಕ್ಷೆ ಸಲ್ಲುತ್ತದೆ. ಹೊಲಕ್ಕೆ ಸಿಂಪಡಿಸುವ ಮುನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕು. ದ್ರಾವಣವನ್ನು ಮಳೆನೀರಿನಲ್ಲಿ ಆಗಿಂದಾಗ್ಗೆ ತಯಾರಿಸಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದನ್ನು ಬಳಸಬಾರದು.