ಮಗನ ಮೊಬೈಲಿನಲ್ಲಿ ಎರಡು ಬಾನುಲಿ



ಸಂಜೆ ಹೊಲದಿಂದ ಬಂದಾಗ ಮಗನೋ ಮಗಳೋ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತಿರುವುದನ್ನು ತಾವು ನೋಡಿಯೇ ಇರುತ್ತೀರಿ. “ಈಗಿನ ಮಕ್ಕಳು ರೇಡಿಯೋ ಕೇಳುವುದಿಲ್ಲ” ಎಂದು ದೂರುವವರು ಬಹಳ. ಈ ಮಾತು ಅರ್ಧ ಮಾತ್ರ ನಿಜ. ಹದಿನೈದು ಹದಿನಾರರ ಹುಡುಗರು ಹಾಡು, ಹರಟೆ, ಕ್ರಿಕೆಟ್ ವರದಿ ಎಲ್ಲವನ್ನೂ ಕೇಳುತ್ತಾರೆ. ಆದರೆ ಗಂಟೆ ನೋಡಿಕೊಂಡು ಪೆಟ್ಟಿಗೆಯ ಮುಂದೆ ಕೂರುವುದಿಲ್ಲ. ಬೇಕಾದಾಗ, ಬೇಕಾದ್ದನ್ನು, ಒಬ್ಬರೇ ಕೇಳುತ್ತಾರೆ.

ಹಿಂದಿನ ಪದ್ಧತಿ ಬೇರೆ. 1956ರಲ್ಲಿ ಪುಣೆಯ ಆಕಾಶವಾಣಿ ಕೇಂದ್ರವು 5 ಜಿಲ್ಲೆಗಳ ಸುಮಾರು 150 ಹಳ್ಳಿಗಳಿಗಾಗಿ ರೇಡಿಯೋ ಕೂಟಗಳನ್ನು ಆರಂಭಿಸಿತು. ಊರವರು ಒಟ್ಟಿಗೆ ಕೂತು ಬೇಸಾಯದ ವಿಷಯ ಕೇಳಿ, ಆಮೇಲೆ ಚರ್ಚಿಸುತ್ತಿದ್ದರು. ಈಗ ಹುಡುಗ ಕೇಳಿದ ಮಳೆಯ ಸುದ್ದಿ ಅವನ ಕಿವಿಯಲ್ಲೇ ಉಳಿಯುತ್ತದೆ. ಅಂದು ಕಣದಲ್ಲಿ ರಾಗಿ ಹರಡಿದ್ದರೆ ನಷ್ಟ ಮನೆಗೆಲ್ಲ.

ಇನ್ನೊಂದು ಸಂಗತಿ ಉಂಟು. ಮೊಬೈಲಿನಲ್ಲಿ ರೇಡಿಯೋ ಬರುವುದು ಎರಡು ಬಗೆಯಲ್ಲಿ. ಮಕ್ಕಳಿಗೂ ಈ ಭೇದ ಸರಿಯಾಗಿ ತಿಳಿದಿರುವುದಿಲ್ಲ.

ಒಂದು, ಇಂಟರ್‌ನೆಟ್ ಮೂಲಕ ಬರುವುದು. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಧಾರವಾಡದಲ್ಲಿ ಕುಳಿತು ಮೈಸೂರನ್ನು ಕೇಳಬಹುದು. ಇದಕ್ಕೆ ಡೇಟಾ ಬೇಕು. ಸೆಕೆಂಡಿಗೆ 64 ಕಿಲೋಬಿಟ್ ವೇಗದಲ್ಲಿ ಬಂದರೆ ಗಂಟೆಗೆ ಸುಮಾರು 29 ಎಂಬಿ ಖರ್ಚು. ಟವರ್ ಕೆಲಸ ಮಾಡುತ್ತಿರಲೇಬೇಕು. ಬಿರುಗಾಳಿಗೆ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಬರಿದಾದರೆ ಎಲ್ಲವೂ ಮೌನ. ಮುನ್ಸೂಚನೆ ಬೇಕಾಗುವುದು ಅಂಥ ಹೊತ್ತಿನಲ್ಲೇ.

ಎರಡನೆಯದು, ಮೊಬೈಲಿನೊಳಗಿನ ಎಫ್.ಎಂ. ರೇಡಿಯೋ. ಇದು ಅಲೆಗಳನ್ನು ನೇರವಾಗಿ ಆಕಾಶದಿಂದ ಹಿಡಿಯುತ್ತದೆ. ಡೇಟಾ ಬೇಡ, ಸಿಮ್ ಸಹ ಬೇಡ. ಕಿವಿಯ ತಂತಿಯೇ ಏರಿಯಲ್. ಹಿಂದೆ ಏರಿಯಲ್ ತಂತಿಯನ್ನು ಮಾಡಿನ ಮೇಲೆ ಎಳೆದು ಕಟ್ಟುತ್ತಿದ್ದರು. ಈಗ ಅದು ಹುಡುಗರ ಕೊರಳಲ್ಲಿ ನೇತಾಡುತ್ತಿದೆ! ತಂತಿಯಿಲ್ಲದ ಇಯರ್‌ಫೋನು ಈ ಕೆಲಸಕ್ಕೆ ಬಾರದು. ಎಲ್ಲ ಮೊಬೈಲುಗಳಲ್ಲೂ ಈ ಸೌಲಭ್ಯವಿಲ್ಲ. ಇದ್ದರೆ ಅದನ್ನು ನಿಷ್ಕ್ರಿಯಗೊಳಿಸಬಾರದೆಂದು 2023ರಲ್ಲಿ ಕೇಂದ್ರ ಸರ್ಕಾರ ತಯಾರಕರಿಗೆ ಸಲಹೆ ಕೊಟ್ಟಿತು. ಎಫ್.ಎಂ. ಅಲೆ ದೂರ ಹೋಗದು, ಗುಡ್ಡ ಅಡ್ಡವಾದರೆ ಸಿಗುವುದೂ ಕಷ್ಟ. ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ.

ಆದುದರಿಂದ ಇಂದು ರಾತ್ರಿಯೇ ಮಗನನ್ನು ಕರೆದು, “ಇದರಲ್ಲಿ ಎಫ್.ಎಂ. ಇದೆಯೇನೋ, ನೋಡು” ಎಂದು ಕೇಳಿರಿ. ಇದ್ದರೆ ನೆಟ್ ಆರಿಸಿ, ತಂತಿ ಸಿಕ್ಕಿಸಿ, ತಮ್ಮ ಊರಿನಲ್ಲಿ ಯಾವ ಕೇಂದ್ರ ಸಿಗುತ್ತದೆಂದು ಹುಡುಕಿಸಿರಿ. ಅದರ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಿರಿ. ತಂತಿ ಸಿಕ್ಕಿಸಿದ್ದಂತೆಯೇ ಸ್ಪೀಕರ್ ಒತ್ತಿದರೆ ಮನೆಮಂದಿಯೆಲ್ಲ ಕೇಳಬಹುದು. ಕೃಷಿ ಕಾರ್ಯಕ್ರಮದ ಹೊತ್ತಿಗೆ ಹಾಗೆ ಮಾಡುವ ಕೆಲಸವನ್ನು ಅವನಿಗೇ ವಹಿಸಿರಿ. ಹಾಡು ಬೇಡವೆನ್ನಬೇಡಿ, ಬೈದರೆ ಅವನು ತಂತಿ ತೆಗೆದುಕೊಂಡು ಜಗುಲಿಗೆ ಹೋಗುತ್ತಾನೆ.

ಅಟ್ಟದ ಮೇಲೆ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಬಿಸಾಡದಿರಿ. ಒರೆಸಿ, ಹೊಸ ಸೆಲ್ಲು ಹಾಕಿ ನೋಡಿರಿ. ಬಳಸದಿರುವಾಗ ಸೆಲ್ಲುಗಳನ್ನು ಹೊರಗೆ ತೆಗೆದಿಡಿ. ಒಳಗೇ ಬಿಟ್ಟರೆ ರಸ ಸೋರಿ ತಗಡು ಹಾಳಾಗುತ್ತದೆ.